ಬಿ.ಪಿ.ಗೂ ಗ್ರೇಸ್ ಮಾರ್ಕ್ಸ್

ಅರವತ್ತು ದಾಟಿದ ಇಬ್ಬರು ಎದುರಾದರೆ ಹಿಂದೆ ಮಳೆ-ಬೆಳೆ ವಿಚಾರಿಸುತ್ತಿದ್ದರು. ಈಗ ‘ಎಷ್ಟಿದೆ?’ ಅಂತಾರೆ. ಏನು ಎಷ್ಟಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ‘ಮೇಲಿಂದು 130, ಕೆಳಗಿಂದು 80’ ಎಂದು ಉತ್ತರ ಬರುತ್ತದೆ. ಹೇಳಿದವರ ಎದೆ ಒಂದಿಂಚು ಉಬ್ಬಿರುತ್ತದೆ.

ಗುಂಡಿ ಒತ್ತಿದರೆ ತಾನೇ ಉಬ್ಬಿ, ತಾನೇ ಇಳಿದು, ಅಂಕಿ ತೋರಿಸುವ ಬ್ಯಾಟರಿ ಯಂತ್ರದ ಮಾತು ಬಿಡಿ. ಅದರ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಎದುರುಮನೆ ಮೇಷ್ಟ್ರ ಬಳಿ ಇರುವುದು ರಬ್ಬರ್ ಉಂಡೆ ಹಿಸುಕಿ, ಕಿವಿಗೆ ಸ್ಟೆತಸ್ಕೋಪ್ ಸಿಕ್ಕಿಸಿ, ಡಯಲಿನ ಮುಳ್ಳು ನೋಡುತ್ತ ಅಳೆಯುವ ಹಳೇ ಪೈಕಿಯದು. ‘ಬ್ಯಾಟರಿಯದು ಒಳಗೆ ಏನು ಲೆಕ್ಕ ಹಾಕುತ್ತೋ ಯಾರಿಗ್ಗೊತ್ತು. ಇದಾದರೆ ಸ್ವಂತ ಕಿವಿ’ ಅನ್ನುವುದು ಅವರ ವಾದ. ಗಣಿತದ ಮೇಷ್ಟ್ರು, ಎದುರು ಮಾತಾಡುವಂತಿಲ್ಲ.

ಕೆಲಸ ನೋಡಿದರೆ ಮೂರು ಕೈಯವರದು. ಎಡತೋಳಿಗೆ ಪಟ್ಟಿ, ಆದ್ದರಿಂದ ಎಡಗೈ ಲೆಕ್ಕಕ್ಕಿಲ್ಲ. ಬಲಗೈ ಉಂಡೆ ಹಿಸುಕಬೇಕು, ತಿರುಪು ಸಡಿಲಿಸಬೇಕು. ಮೊಣಕೈ ಮಡಿಕೆಯ ಮೇಲೆ ಸ್ಟೆತಸ್ಕೋಪಿನ ಬಿಲ್ಲೆ ಹಿಡಿಯುವವರು ಯಾರು? ಮೇಷ್ಟ್ರು ಅದನ್ನು ಪಟ್ಟಿಯ ಅಂಚಿನೊಳಗೆ ತುರುಕುತ್ತಾರೆ. ಪಟ್ಟಿಗೇ ಬಿಲ್ಲೆ ಹೊಲಿದು ಕೊಡುವ ಸೆಟ್ಟುಗಳೂ ಸಿಗುತ್ತವೆ, ಆದರೆ ಹಳೆಯದು ಕೆಟ್ಟಿಲ್ಲವಲ್ಲ! ಡಯಲು ತೊಡೆಯ ಮೇಲೆ, ಕತ್ತು ಡಯಲಿನ ಮೇಲೆ.

ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಅರ್ಧ ಗಂಟೆ ಮುಂಚೆ ಕಾಫಿ ಇಲ್ಲ. ಮೂತ್ರ ಕಟ್ಟಿಕೊಂಡು ಕೂರಬಾರದು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಕೂಡದು, ತೋಳು ಎದೆಯ ಮಟ್ಟಕ್ಕೆ. ಐದು ನಿಮಿಷ ಸುಮ್ಮನಿರಬೇಕು. ಈ ಕೊನೆಯದರಲ್ಲೇ ಎಡವಟ್ಟು. ಮುಳ್ಳು 160ರಲ್ಲಿ ನಿಂತಿರುವಾಗಲೇ ಅಡುಗೆಮನೆಯಿಂದ ‘ರೀ, ಗ್ಯಾಸ್ ಬುಕ್ ಮಾಡಿದ್ರಾ?’ ಅಂತ ಪ್ರಶ್ನೆ. ‘ಮಾಡಿದೀನಿ ಕಣೇ!’ ಅಂತ ಗುಡುಗು. ಮಾತಾಡಿದರೆ ಬಿ.ಪಿ. ಏರುತ್ತದೆ. ಗುಡುಗಿದರೆ ಕೇಳಬೇಕೆ?

ಈ ಕಿವಿಯ ವಿದ್ಯೆ ಕಂಡುಹಿಡಿದವನು ರಷ್ಯದ ಸರ್ಜನ್ ಕೊರೊಟ್ಕೊವ್, 1905ರಲ್ಲಿ. ಅದಕ್ಕೂ ಮೊದಲು, 1896ರಲ್ಲಿ, ಇಟಲಿಯ ರಿವಾ-ರೊಚಿ ತೋಳಿಗೆ ಪಟ್ಟಿ ಕಟ್ಟಿ ಪಾದರಸದಲ್ಲಿ ಅಳೆದಿದ್ದ. ಅವನದು ನಾಡಿ ಹಿಡಿದು ನೋಡುವ ಪದ್ಧತಿ, ಮೇಲಿನ ಅಂಕಿ ಮಾತ್ರ ಸಿಗುತ್ತಿತ್ತು. ಇನ್ನೂ ಹಿಂದೆ ಹೋದರೆ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್, ಹೆಣ್ಣು ಕುದುರೆಯೊಂದರ ರಕ್ತನಾಳಕ್ಕೇ ಕೊಳವೆ ಚುಚ್ಚಿ, ರಕ್ತ ಎಂಟು ಅಡಿಗೂ ಮೇಲೇರಿತೆಂದು 1733ರಲ್ಲಿ ಬರೆದ. ‘ಎಂಟಡಿ! ಉಪ್ಪಿನಕಾಯಿ ತಿಂದಿತ್ತೇನೋ ಪಾಪ’ ಎಂದರು ಮೇಷ್ಟ್ರು.

ಪಟ್ಟಿ ಬಿಗಿದಾಗ ರಕ್ತನಾಳ ಮುಚ್ಚಿ ಸದ್ದಡಗುತ್ತದೆ. ಗಾಳಿ ಬಿಡುತ್ತ ಬಂದಂತೆ ರಕ್ತ ನುಗ್ಗಿ ‘ಟಪ್’ ಅನ್ನುತ್ತದಲ್ಲ, ಆ ಮೊದಲ ಸದ್ದು ಮೇಲಿನ ಅಂಕಿ. ಸದ್ದು ಮಾಯವಾದದ್ದು ಕೆಳಗಿನದು. ಮುಳ್ಳು ಸೆಕೆಂಡಿಗೆ ಎರಡು-ಮೂರು ಅಂಕಿಯಂತೆ ಇಳಿಯಬೇಕು. ಮೇಷ್ಟ್ರ ತಿರುಪಿಗೆ ಅಷ್ಟು ತಾಳ್ಮೆ ಎಲ್ಲಿ? ಪುಸ್ಸೆಂದು ಬಿಟ್ಟರೆ ಮುಳ್ಳು ಗಡಗಡ ಇಳಿಯುತ್ತದೆ, ಮೇಲಿನ ಅಂಕಿ ಇದ್ದದ್ದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಇದು ಅವರಿಗೆ ತಿಳಿಯದ್ದೇನಲ್ಲ ಅಂತ ನನ್ನ ಗುಮಾನಿ.

ಡಯಲಿನಲ್ಲಿ ಎರಡೆರಡು ಅಂಕಿಗೆ ಒಂದು ಗೀಟು. 124, 136, 138 ಎಲ್ಲವೂ ಆಗೊಮ್ಮೆ ಈಗೊಮ್ಮೆ ಬರಲೇಬೇಕು. ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಸೊನ್ನೆಯಲ್ಲಿ ಮುಗಿಯದ ಅಂಕಿಯೇ ಇಲ್ಲ. 130/80, ಅದರ ಕೆಳಗೆ 130/80. ಪಬ್ಲಿಕ್ ಪರೀಕ್ಷೆಯಲ್ಲಿ 34 ಬಂದ ಹುಡುಗನಿಗೆ ಒಂದು ಅಂಕ ಕೊಡಲು ಕೈ ನಡುಗುತ್ತಿದ್ದ ಮನುಷ್ಯ, ತನ್ನ 138ಕ್ಕೆ ಸಲೀಸಾಗಿ ಎಂಟು ಗ್ರೇಸ್ ಮಾರ್ಕ್ಸ್ ಕೊಟ್ಟುಕೊಂಡಿದ್ದಾರೆ! ಅವರೊಬ್ಬರನ್ನೇ ಅಂದು ಫಲವಿಲ್ಲ. ಡಾಕ್ಟರುಗಳಿಗೂ ಸೊನ್ನೆಯ ಮೇಲೆ ಮೋಹ. ಇದನ್ನು ತಪ್ಪಿಸಲೆಂದೇ, ಅಳೆಯುವವರಿಗೇ ಸೊನ್ನೆ ಎಲ್ಲಿದೆಯೆಂದು ತಿಳಿಯದಂತೆ ಜರುಗಿಸುವ ಯಂತ್ರಗಳನ್ನು ಸಂಶೋಧನೆಗಳಲ್ಲಿ ಬಳಸುತ್ತಿದ್ದ ಕಾಲವೂ ಇತ್ತು.

‘ಆಸ್ಪತ್ರೇಲಿ 140/90ರ ಗೆರೆ, ಮನೇಲಿ 135/85. ಗೊತ್ತಾ ಮೇಷ್ಟ್ರೇ?’ ಎಂದೆ. ಬಿಳಿಕೋಟು ಕಂಡರೆ ಏರುತ್ತದೆ, ಮನೆಯಲ್ಲಿ ನಿರಾಳ, ಅದಕ್ಕೇ ಮನೆಯ ಲೆಕ್ಕ ಬಿಗಿ.

‘ನಿರಾಳ ಅಂತ ಬರೆದವನಿಗೆ ಮದುವೆ ಆಗಿತ್ತೇನ್ರೀ?’

ಇದು ಒಳಗೆ ಕೇಳಿಸಿತು. ಮೇಷ್ಟ್ರ ಮನೆಯವರು ಕೈ ಒರೆಸಿಕೊಳ್ಳುತ್ತ ಬಂದು, ಸ್ಟೆತಸ್ಕೋಪ್ ಕಸಿದು ತಮ್ಮ ಕಿವಿಗೆ ಹಾಕಿಕೊಂಡರು. ತಿರುಪನ್ನು ಸಕ್ಕರೆ ಪಾಕ ನೋಡುವಷ್ಟು ನಿಧಾನವಾಗಿ ಬಿಟ್ಟರು. ‘146.’

‘ಡಯಲು ಹಳೇದು ಕಣೇ, ಸೊನ್ನೆಗೇ ಬಂದು ನಿಲ್ಲಲ್ಲ.’

ನಾನು ಬಗ್ಗಿ ನೋಡಿದೆ. ಮುಳ್ಳು ಸರಿಯಾಗಿ ಸೊನ್ನೆಯ ಮೇಲೇ ಇತ್ತು.

‘ಹಾಗಾದ್ರೆ ರೀವ್ಯಾಲ್ಯುಯೇಷನ್!’ ಎಂದರು ಮೇಷ್ಟ್ರು. ಕಾಯಿದೆ ಅವರ ಪರವಾಗಿಯೇ ಇದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಸರಾಸರಿ ತೆಗೆಯಬೇಕೆನ್ನುವುದು ಪದ್ಧತಿ.

‘ಧಾರಾಳವಾಗಿ ಹಾಕ್ಕೊಳ್ಳಿ’ ಎಂದು ಅವರು ಉಪ್ಪಿನಕಾಯಿ ಜಾಡಿ ಎತ್ತಿಕೊಂಡು ಒಳಗೆ ಹೋದರು. ‘ರಿಸಲ್ಟ್ ಬರೋವರೆಗೂ ಇದು ನನ್ನ ಹತ್ರ ಇರತ್ತೆ.’