ನಾಲ್ಕು ಅಡಿ ಕರೆಂಟು

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಹಿಡಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಎತ್ತಿನ ಗಾಡಿಯ ಕಾಲ ಅದು. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ಅದಾಗಿ ಒಂದು ಶತಮಾನ ದಾಟಿದ ಮೇಲೆ, ವೈಟ್‌ಫೀಲ್ಡಿನಲ್ಲಿರುವ ನಮ್ಮ ಹನ್ನೆರಡನೇ ಮಹಡಿಯ ಮಲಗುವ ಕೋಣೆಯಲ್ಲಿ ಅದೇ ಕರೆಂಟು ಇನ್ನು ನಾಲ್ಕೇ ನಾಲ್ಕು ಅಡಿ ಈಚೆ ಬರಬೇಕಾಗಿದೆ. ಬರುತ್ತಿಲ್ಲ.

ಸ್ವಿಚ್ ಬೋರ್ಡು ಬಾಗಿಲ ಹಿಂದಿದೆ. ಬಾಗಿಲು ತೆರೆದರೆ ಬೋರ್ಡು ಮುಚ್ಚುತ್ತದೆ. ಒಳಗೆ ಬಂದವನು ಬಾಗಿಲು ಹಾಕಿಕೊಂಡು, ಹಾಲಿನಿಂದ ಬರುವ ಚೂರುಪಾರು ಬೆಳಕನ್ನೂ ಕಳೆದುಕೊಂಡು, ಕತ್ತಲೆ ಪೂರ್ತಿಯಾದ ಮೇಲಷ್ಟೇ ದೀಪ ಹಾಕಲು ಅರ್ಹ. ಮನೆ ನೋಡಲು ಹೋದಾಗ ಇದು ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಮಾದರಿ ಮನೆಯಲ್ಲಿ ಎಲ್ಲ ದೀಪಗಳೂ ಮೊದಲೇ ಉರಿಯುತ್ತಿದ್ದವು, ಸ್ವಾಮಿ. ಬಾಗಿಲುಗಳನ್ನೇ ಕೂರಿಸಿರಲಿಲ್ಲ.

ಎಲೆಕ್ಟ್ರಿಷಿಯನ್ ಬಂದ. ಪೀಣ್ಯದ ಪ್ಯಾನಲ್ ಬೋರ್ಡ್ ಕಾರ್ಖಾನೆಯೊಂದರಲ್ಲಿ ಕೆಲಸ, ಭಾನುವಾರ ಮನೆ ರಿಪೇರಿ. ಬಾಗಿಲನ್ನು ಎರಡು ಸಲ ಆಡಿಸಿ ನೋಡಿದವನೇ ತೀರ್ಪು ಕೊಟ್ಟ: "ಎದುರು ಮನೆ ಪ್ಲಾನೇ ನಿಮ್ದು ಸಾರ್, ಕನ್ನಡಿ ಹಿಡಿದಂಗೆ ಉಲ್ಟಾ. ಗೋಡೆ ಉಲ್ಟಾ ಮಾಡವ್ರೆ, ಬೋರ್ಡ್ ಉಲ್ಟಾ ಮಾಡವ್ರೆ. ಬಾಗಿಲು ಮಾತ್ರ ಎರಡು ಮನೆಗೂ ಒಂದೇ ಕೈದು ತರಿಸವ್ರೆ." ಹಾಗಾದರೆ ಎದುರು ಮನೆಯವರು ಬೆಳಕಿನಲ್ಲಿದ್ದಾರೆ. ಕಂಪ್ಯೂಟರಿನ ಮುಂದೆ ಕೂತ ಯಾರೋ ಒಂದು ಗುಂಡಿ ಒತ್ತಿ ನಮ್ಮನ್ನು ಕತ್ತಲೆಯ ಕಡೆಗೆ ಮಗುಚಿದ್ದಾನೆ.

"ಸರಿ, ಈ ಕಡೆ ಹಾಕಿಬಿಡು, ನಾಲ್ಕು ಅಡಿ ತಾನೆ?" ಎಂದೆ. ಆತ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ, ವೈದ್ಯರು ಎದೆ ತಟ್ಟಿ ನೋಡುವಾಗಿನ ಮುಖ ಮಾಡಿದ. "ಇಟ್ಟಿಗೆ ಅಲ್ಲ ಸಾರ್. ಮೈವಾನ್."

ಹಳಬರಿಗಾಗಿ ಒಂದು ಮಾತು. ಈಗಿನ ಎತ್ತರದ ಕಟ್ಟಡಗಳಲ್ಲಿ ಗೋಡೆ ಕಟ್ಟುವುದಿಲ್ಲ, ಇಡ್ಲಿ ಹೊಯ್ದ ಹಾಗೆ ಹೊಯ್ಯುತ್ತಾರೆ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಒಳಗೆ ಕಬ್ಬಿಣದ ಜಾಲರಿ ಕಟ್ಟಿ, ಆ ಜಾಲರಿಗೇ ವೈರಿನ ಪೈಪು, ಸ್ವಿಚ್ಚಿನ ಡಬ್ಬಿ ಬಿಗಿದು, ಮೇಲಿಂದ ಕಾಂಕ್ರೀಟು ಸುರಿಯುತ್ತಾರೆ. ಕೆಲವೇ ದಿನಕ್ಕೊಂದು ಮಹಡಿ ಏಳುತ್ತದೆ. ಗೋಡೆಯೇ ಕಂಬ, ಗೋಡೆಯೇ ತೊಲೆ. ಅದನ್ನು ಕೊರೆದು ಕಬ್ಬಿಣ ಕತ್ತರಿಸಿದರೆ, ನಿಮ್ಮ ದೀಪಕ್ಕಾಗಿ ಹದಿಮೂರನೇ ಮಹಡಿಯವರ ನಂಬಿಕೆ ಅಲ್ಲಾಡುತ್ತದೆ. ಅಂದರೆ, ಕಾಂಕ್ರೀಟು ಸುರಿದ ಆ ಮಧ್ಯಾಹ್ನವೇ, ನಾವು ಯಾವ ಮೂಲೆಯಲ್ಲಿ ತಡಕಾಡಬೇಕೆಂಬುದು ಹಣೆಬರಹದಷ್ಟೇ ಗಟ್ಟಿಯಾಗಿ ತೀರ್ಮಾನವಾಗಿತ್ತು.

"ಅದೂ ನಾಲ್ಕು ಅಡಿ ಅಲ್ಲ. ಮೇಲಕ್ಕೆ ಹತ್ತಿ, ಬಾಗಿಲ ತಲೆ ಸುತ್ತಿ, ಈಚೆ ಇಳೀಬೇಕು. ಹನ್ನೊಂದು ಅಡಿ. ಪಟ್ಟಿ ಹೊಡೆದು ಗೋಡೆ ಮೇಲೇ ತರ್ಲಾ?"

ನನಗೆ ಒಪ್ಪಿಗೆಯಿತ್ತು. ತಾತನ ಮನೆಯಲ್ಲಿ ಮರದ ರೀಪಿನ ಮೇಲೆ ವೈರು ಓಡಿತ್ತು, ತುದಿಗೊಂದು ಕಪ್ಪನೆಯ ಗುಂಡು ಸ್ವಿಚ್ಚು. ಬೇಡವೆನಿಸಿದರೆ ಸ್ಕ್ರೂಡ್ರೈವರ್ ಹಿಡಿದು ಅರ್ಧ ಗಂಟೆಯಲ್ಲಿ ಇನ್ನೊಂದು ಕಡೆ. ಆದರೆ ಹೆಂಡತಿ, "ರೀ, ಇಷ್ಟು ಸಾಲ ಮಾಡಿ ಮನೆ ತಗೊಂಡಿರೋದು ಗೋಡೆಗೆ ಪಟ್ಟಿ ಹೊಡ್ಸೋಕಾ?" ಎಂದಳು. ಬಾಗಿಲನ್ನೇ ಇನ್ನೊಂದು ಕೈಗೆ ತಿರುಗಿಸೋಣವೆಂದರೆ, ಬಡಗಿ ಅಳತೆ ಹಿಡಿದು, ಆಗ ವಾರ್ಡ್‌ರೋಬ್ ತೆರೆಯುವುದಿಲ್ಲ ಎಂದ. ದೀಪ ಬೇಕೋ ಬಟ್ಟೆ ಬೇಕೋ.

ಪಟ್ಟಿಗೂ ಡ್ರಿಲ್ಲಿಂಗ್ ಬೇಕು, ಡ್ರಿಲ್ಲಿಂಗಿಗೆ ಅಸೋಸಿಯೇಷನ್ ಅನುಮತಿ ಬೇಕು. ಅನುಮತಿ ಸೋಮವಾರದಿಂದ ಶುಕ್ರವಾರ, ಹತ್ತರಿಂದ ಐದು. ಪೀಣ್ಯದವನಿಗೆ ಬಿಡುವು ಭಾನುವಾರ. ನನಗೂ ಅಷ್ಟೇ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಲವತ್ತುಕೊಂಡೆ. ನಮ್ಮ ಸಾಲಿನ ಅಷ್ಟೂ ಮಹಡಿಯವರು ಬಾಗಿಲ ಹಿಂದೆ ತಡಕಾಡುತ್ತಿದ್ದಾರೆಂಬ ಸತ್ಯ ಹೊರಬಿತ್ತು. ಒಬ್ಬೊಬ್ಬರೂ ತಮ್ಮದೇ ಗ್ರಹಚಾರವೆಂದು ಸುಮ್ಮನಿದ್ದರಂತೆ. ವಾಸ್ತು ಬಲ್ಲ ಒಬ್ಬರು, ಆಗ್ನೇಯದಲ್ಲಿದೆಯಲ್ಲ, ಮುಟ್ಟಬೇಡಿ ಎಂದರು. ಟ್ಯಾಂಕರ್ ನೀರು, ಬೀದಿನಾಯಿ, ವಿಸಿಟರ್ ಪಾರ್ಕಿಂಗ್ ಮುಗಿದ ಮೇಲೆ ಸ್ವಿಚ್ಚನ್ನೂ ವಾರ್ಷಿಕ ಸಭೆಗೆ ತೆಗೆದುಕೊಳ್ಳುವುದೆಂದು ನಿರ್ಧಾರವಾಯಿತು. ಅವು ಯಾವಾಗ ಮುಗಿಯುತ್ತವೆಂದು ಯಾರೂ ಕೇಳಲಿಲ್ಲ.

ನನ್ನ ಉದ್ಯೋಗವನ್ನೂ ಹೇಳಿಬಿಡುತ್ತೇನೆ, ನಗಬೇಡಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಒಂದು ಖಂಡದ ಸರ್ವರುಗಳನ್ನು ಇನ್ನೊಂದು ಖಂಡಕ್ಕೆ ರಾತ್ರೋರಾತ್ರಿ ಸಾಗಿಸುವುದು. ಗಿರಾಕಿಗೆ ರೆಪ್ಪೆ ಮಿಟುಕಿಸಿದಷ್ಟೂ ಗೊತ್ತಾಗಬಾರದು. ಆ ಎಲೆಕ್ಟ್ರಾನಿಕ್ ಸಿಟಿಯೂ ಒಂದು ಸ್ಥಳಾಂತರವೇ: ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಕೂರಿಸಿದ್ದು. ಹೊಲವಿದ್ದಲ್ಲಿ ಪೇಟೆ ಬಂತು. ನನ್ನ ಮನೆ ಒಂದು ದಿಕ್ಕಿಗೆ, ಕಚೇರಿ ಇನ್ನೊಂದು ದಿಕ್ಕಿಗೆ. ನಡುವೆ ರಿಂಗ್ ರೋಡು. ಇಷ್ಟನ್ನು ಹೀಗೆ ಜೋಡಿಸಿದ ಊರು ಒಂದು ಸ್ವಿಚ್ಚನ್ನು ಸರಿಯಾದ ಕಡೆ ಇಡುತ್ತದೆಂದು ನಂಬಿದ್ದು ನನ್ನದೇ ತಪ್ಪು.

ಕಡೆಗೆ ನಮ್ಮ ಜಾತಿಗೆ ತಕ್ಕ ಪರಿಹಾರ ಹುಡುಕಿದೆ. ಮಾತು ಕೇಳುವ ಬಲ್ಬು. "ಲೈಟ್ ಆನ್" ಎಂದರೆ ಹೊತ್ತಿಕೊಳ್ಳುತ್ತದೆ, ಇಂಗ್ಲಿಷನ್ನು ಸ್ವಲ್ಪ ಮೂಗಿನಿಂದ ಹೇಳಿದರೆ ಬೇಗ. ಷರತ್ತು ಒಂದೇ: ಬಾಗಿಲ ಹಿಂದಿನ ಸ್ವಿಚ್ಚು ಸದಾ ಆನ್ ಇರಬೇಕು.

ತುರುವೇಕೆರೆ ಕಡೆಯಿಂದ ಅಮ್ಮ ಬಂದಳು. ಭಾಗ್ಯಜ್ಯೋತಿಯ ಒಂದೇ ಬಲ್ಬಿನ ಮನೆಗಳನ್ನು ಕಂಡವಳು. ಮಲಗುವ ಮುಂಚೆ ಇಡೀ ಮನೆ ಸುತ್ತಿ ಒಂದೊಂದೇ ಸ್ವಿಚ್ಚು ಆರಿಸುತ್ತಾಳೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಎಂದೆ. "ಪುಕ್ಕಟೆ ಕೊಟ್ರೆ ಉರಿಸ್ಬೇಕು ಅಂತ ಐತಾ?" ಎಂದಳು. ಸ್ವಿಚ್ಚಿಗೆ ಟೇಪು ಅಂಟಿಸಿದೆ. ಕೊಳೆಯೆಂದುಕೊಂಡು ಕಿತ್ತು, ಒರೆಸಿ, ಆರಿಸಿದಳು.

ನಿನ್ನೆ ರಾತ್ರಿ ಹನ್ನೊಂದಕ್ಕೆ ಬಂದು ಕೋಣೆಯ ಕತ್ತಲಲ್ಲಿ ನಿಂತು "ಲೈಟ್ ಆನ್" ಎಂದೆ. ಇನ್ನೂ ಮೂಗಿನಿಂದ ಹೇಳಿದೆ. ಬೇಡಿಕೊಂಡೆ.

ಹಾಲಿನಿಂದ ಅಮ್ಮನ ದನಿ: "ಯಾರ ಹತ್ರನೋ ಮಾತಾಡ್ತಿದೀಯ ಇಷ್ಟೊತ್ತಲ್ಲಿ? ಬಾಗಿಲು ಹಾಕ್ಕೊ. ಹಿಂದ್ಗಡೆ ಐತೆ ನೋಡು, ಎಡದಿಂದ ಮೂರನೇದು."