ಮುಳ್ಳಿಗೊಂದು ಮುಹೂರ್ತ

"ಏನ್ರೀ, ಬೆಳಿಗ್ಗೆಯಿಂದ ಆ ಪ್ಲೇಟು ಒರೆಸ್ತಾನೇ ಇದೀರಿ?"

"ಇವತ್ತಿಂದ ಇರೋ ರೆಕಾರ್ಡನ್ನೆಲ್ಲ ಒಂದೊಂದಾಗಿ ಕೇಳಿ ಮುಗಿಸ್ತೀನಿ ಕಣೇ. ಮೊದಲು ಗೋಹರ್ ಜಾನ್. 1902ರಲ್ಲೇ ಕಲ್ಕತ್ತಾದಲ್ಲಿ ರೆಕಾರ್ಡ್ ಕೊಟ್ಟೋರು. ಹಾಡು ಮುಗೀತಿದ್ದಂಗೆ ತಮ್ಮ ಹೆಸರನ್ನ ತಾವೇ ಇಂಗ್ಲಿಷಲ್ಲಿ ಹೇಳ್ಕೊಳ್ತಿದ್ರು. ಕಡೇಗಾಲಕ್ಕೆ ನಮ್ಮ ಮೈಸೂರು ಅರಮನೆಗೆ ಬಂದು, 1930ರಲ್ಲಿ ಇಲ್ಲೇ ತೀರಿಕೊಂಡ್ರು."

"ಹಾಕಿ ಮತ್ತೆ, ಕೇಳೋಣ."

"ಹಾಕಕ್ಕಾಗಲ್ಲ. ಅದು ಅರಗಿನದ್ದು, ನಿಮಿಷಕ್ಕೆ 78 ಸುತ್ತು. ನನ್ನ ಮಷೀನು 33, 45 ಬಿಟ್ಟು ತಿರುಗಲ್ಲ."

"ಮತ್ತೆ ಯಾಕೆ ತಂದ್ರಿ?"

"ಸಂಗ್ರಹ!"

(ಈ ಒಂದು ಪದದ ಮುಂದೆ ಯಾವ ಹೆಂಡತಿಯ ವಾದವೂ ನಿಂತಿಲ್ಲ, ಯಾವ ಬೀರುವಿನ ಜಾಗವೂ ಉಳಿದಿಲ್ಲ.)

"ಹೋಗ್ಲಿ, ಆ ಕಾಳಿಂಗರಾಯರದ್ದು?"

"ಅಯ್ಯೋ, ಮುಟ್ಬೇಡ! ಅಂಚು ಹಿಡಿ, ಅಂಗೈಯಲ್ಲಿ. ಬೆರಳಿನ ಜಿಡ್ಡು ಗೆರೇಲಿ ಕೂತ್ರೆ ಮುಗೀತು. ಅದಕ್ಕೆ ಮುಳ್ಳು ತಾಗಿಸೋ ಹಾಗೇ ಇಲ್ಲ. ಒಂದೊಂದು ಸಲ ಹಾಕಿದಾಗ್ಲೂ ಸವೆಯುತ್ತೆ, ಬೆಲೆ ಇಳಿಯುತ್ತೆ."

"ನೀವು ಅದನ್ನ ಕೇಳಿದ್ದು ಯಾವಾಗ?"

"ಮೊನ್ನೆ. ಮೊಬೈಲಲ್ಲಿ."

"ಹಾಗಾದ್ರೆ ಹಾಕೋದು ಯಾವುದನ್ನ?"

"ಭೀಮಸೇನ ಜೋಶಿ. ಶ್! ಮುಳ್ಳು ಇಳೀತು... ಆಹಾ, ಕೇಳಿದ್ಯಾ? ಆ ಕರಕರ! ಸೀಡೀಲಿ ಎಲ್ಲಿ ಬರ್ಬೇಕು? ಇದೇ ಕಣೇ ರೆಕಾರ್ಡಿನ ಜೀವ!"

"ರೀ, ಅದು ನಾನು. ಚಕ್ಕುಲಿ ತಿಂತಿದೀನಿ."

"...ಸ್ವಲ್ಪ ನಿಧಾನಕ್ಕೆ ಅಗಿ. ಇನ್ನೂ ವಿಲಂಬಿತ್ ನಡೀತಿದೆ."