ಸೇವಾ ಪುಸ್ತಕದ ಮೊದಲ ಪುಟದಲ್ಲಿರುವ ಮಚ್ಚೆ

ಶಿಡ್ಲಘಟ್ಟದಲ್ಲಿ ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರ ಎಡಗೆನ್ನೆ ಈ ಮಚ್ಚೆಯ ಕಾಯಂ ವಿಳಾಸ. ಯಜಮಾನರು ಮುದ್ದೆ ಉಂಡು ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದಾಗ ಮಾತಿಗೆ ಸಿಕ್ಕಿತು. ನೊಣ ಬಂದು ಕೂತಾಗಲೆಲ್ಲ ಮಾತು ನಿಲ್ಲುತ್ತಿತ್ತು.

ಪ್ರಶ್ನೆ: ತಮ್ಮ ಪರಿಚಯ?

ಮಚ್ಚೆ: ನನ್ನ ಪರಿಚಯ ಕೇಳ್ತೀರಲ್ರೀ! ಸೇವಾ ಪುಸ್ತಕ ತೆಗೀರಿ. ‘ಗುರುತಿನ ಚಿಹ್ನೆ: ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ.’ ಯಜಮಾನರಿಗೆ ಬಡ್ತಿ ಸಿಕ್ಕಿತು, ಇನ್‌ಕ್ರಿಮೆಂಟ್ ಸಿಕ್ಕಿತು, ನೋಟಿಸೂ ಸಿಕ್ಕಿತು. ನಾನು ಮಾತ್ರ ಅವರು ಕೆಲಸಕ್ಕೆ ಸೇರಿದ ದಿನ ಇದ್ದಷ್ಟೇ ಇದ್ದೇನೆ. ಮಚ್ಚೆಗೆ ಇದಕ್ಕಿಂತ ಒಳ್ಳೆಯ ನಡತೆ ಪತ್ರ ಬೇಕೆ?

ಪ್ರಶ್ನೆ: ಹುಟ್ಟು?

ಮಚ್ಚೆ: ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಮೈತುಂಬ ಹರಡಿಕೊಂಡಿರುತ್ತವೆ. ಒಂದೇ ಕಡೆ ಗುಂಪು ಕಟ್ಟಿ ಕೂತರೆ ನಾನು. ಚಿಕ್ಕಂದಿನಿಂದ ಮೂವತ್ತು–ನಲವತ್ತರ ಒಳಗೆ ನಮ್ಮವರೆಲ್ಲ ಬಂದು ಸೇರಿಕೊಂಡುಬಿಡುತ್ತಾರೆ. ಆಮೇಲೆ ಬರುವ ಕರಿ ಚುಕ್ಕೆಗಳಲ್ಲಿ ಬಹುಪಾಲು ವಯಸ್ಸಿನ ಕಲೆಗಳು, ಪಾಪದವು. ಆದರೂ ಅರವತ್ತು ದಾಟಿದ ಮೈಮೇಲೆ ಹೊಸಬನೊಬ್ಬ ಕಾಣಿಸಿದರೆ ಡಾಕ್ಟರಿಗೆ ತೋರಿಸಿಬಿಡಿ.

ಪ್ರಶ್ನೆ: ಕೆನ್ನೆಯ ಮಚ್ಚೆ ಧನಲಾಭ ಅಂತಾರೆ...

ಮಚ್ಚೆ: ಲಾಭ ಬಂದಿದ್ದರೆ ಯಜಮಾನರು ಡಿಎ ಬಾಕಿಗೆ ಯಾಕೆ ಕಾಯ್ತಿದ್ರು? ಕಾಲಲ್ಲಿದ್ದರೆ ತಿರುಗಾಟವಂತೆ, ನಾಲಿಗೆಯ ಮೇಲಿದ್ದರೆ ಅಂದದ್ದೆಲ್ಲ ನಿಜವಾಗುತ್ತದಂತೆ. ಭವಿಷ್ಯವನ್ನು ಕೈವಾರದ ತಾತಯ್ಯನವರಿಗೆ ಬಿಡಿ ಸ್ವಾಮಿ, ಕಾಲಜ್ಞಾನ ಬರೆದವರು ಅವರು. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಮಚ್ಚೆ ಶಾಸ್ತ್ರದವರಿಗೂ ಒಂದು ಪತ್ರ ಹಾಕಿದ್ದರೆ ನಾನೇ ಹೋಗಿ ಸಾಕ್ಷಿ ಹೇಳುತ್ತಿದ್ದೆ.

ಪ್ರಶ್ನೆ: ನಿಮ್ಮ ಕುಲಕ್ಕೆ ಕೆಟ್ಟ ಹೆಸರು ತಂದವರು?

ಮಚ್ಚೆ: ಮೆಲನೋಮ ಅಂತ. ಕ್ಯಾನ್ಸರು. ನಮ್ಮ ವೇಷ ಹಾಕಿಕೊಂಡು ಬರುತ್ತದೆ. ಬಿಳಿಯರಲ್ಲಿ ಜಾಸ್ತಿ, ನಮ್ಮಲ್ಲಿ ಅಪರೂಪ. ಅದಕ್ಕೇ ಯಾರೂ ಹುಡುಕಲ್ಲ. ನಮ್ಮ ಮೈಬಣ್ಣದವರಲ್ಲಿ ಅದಕ್ಕೆ ಇಷ್ಟವಾದ ಜಾಗ ಅಂಗಾಲು, ಅಂಗೈ, ಉಗುರಿನ ಅಡಿ. ಬಿಸಿಲು ಬೀಳದ ಕಡೆ! ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಬಂದದ್ದು ಕಾಲ್ಬೆರಳಿನ ಉಗುರಿನ ಕೆಳಗೆ. ಫುಟ್‌ಬಾಲ್ ಆಡುವಾಗ ಬಿದ್ದ ಏಟು ಅಂದುಕೊಂಡಿದ್ದರು. 1981ರಲ್ಲಿ ತೀರಿಕೊಂಡಾಗ ವಯಸ್ಸು 36.

ಪ್ರಶ್ನೆ: ವೇಷಧಾರಿಯನ್ನು ಗುರುತಿಸುವುದು ಹೇಗೆ?

ಮಚ್ಚೆ: ನಮ್ಮ ಯಜಮಾನರನ್ನು ಕೇಳಿ! ಗೂಡಿನ ಮಾರುಕಟ್ಟೆಯಲ್ಲಿ ಜೀವಮಾನ ಕಳೆದವರು. ಲಾಟಿಗೆ ಕೈ ಹಾಕಿ ಒಂದು ಹಿಡಿ ತೆಗೆದರೆ ಸಾಕು, ಸೊಟ್ಟಗಿರುವುದು, ಕಲೆ ಬಿದ್ದದ್ದು, ಎರಡು ಹುಳ ಸೇರಿ ಕಟ್ಟಿದ ಡಬಲ್ ಗೂಡು, ಎಲ್ಲ ಬೇರೆ ಮಾಡಿಡುತ್ತಿದ್ದರು. ಮಚ್ಚೆಗೂ ಅದೇ ಕಣ್ಣು ಸಾಕು. ಮಧ್ಯಕ್ಕೆ ಗೆರೆ ಎಳೆದರೆ ಎರಡು ಭಾಗ ಒಂದಕ್ಕೊಂದು ಹೊಂದುತ್ತದಾ? ಅಂಚು ಹರಕಲಾಗಿದೆಯಾ? ಕಂದು, ಕಪ್ಪು, ಕೆಂಪು ಕಲಸಿಕೊಂಡಿದೆಯಾ? 6 ಮಿಲಿಮೀಟರ್, ಅಂದರೆ ಪೆನ್ಸಿಲ್ ಹಿಂದಿನ ರಬ್ಬರಿಗಿಂತ ಅಗಲವಾಗಿದೆಯಾ? ಎಲ್ಲಕ್ಕಿಂತ ಮುಖ್ಯ, ಬದಲಾಗುತ್ತಿದೆಯಾ? ತುರಿಕೆ, ರಕ್ತ, ಒಣಗದ ಹುಣ್ಣು ಇದ್ದರೆ ಲೆಕ್ಕ ಹಾಕುತ್ತ ಕೂರಬೇಡಿ. ಒಂದೇ ಉಗುರಿನಲ್ಲಿ ಕಪ್ಪು ಗೀಟು ಎದ್ದು ಅಗಲವಾಗುತ್ತಿದ್ದರೆ, ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹತ್ತಿದ್ದರೆ, ಆಗಲೂ ಅಷ್ಟೇ. ನೋವಿಲ್ಲವಲ್ಲ ಅಂತ ಸುಮ್ಮನಿರಬೇಡಿ. ಅದು ಶುರುವಿನಲ್ಲಿ ನೋಯುವುದಿಲ್ಲ.

ಪ್ರಶ್ನೆ: ಸುಣ್ಣ–ಸೋಡಾ ಹಚ್ಚಿ ಸುಟ್ಟುಕೊಂಡರೆ?

ಮಚ್ಚೆ: (ಕೆನ್ನೆ ಅದುರಿತು) ಚಿಂತಾಮಣಿಯ ನಮ್ಮ ನೆಂಟರೊಬ್ಬರು ಮದುವೆ ಫೋಟೋಗೆ ಅಂತ ಸುಟ್ಟುಕೊಂಡರು. ಮಚ್ಚೆಯ ಜಾಗದಲ್ಲಿ ಈಗ ಮಚ್ಚೆಗಿಂತ ದೊಡ್ಡ ಕಲೆ. ಸುಟ್ಟರೆ ಸಾಕ್ಷಿಯೂ ಬೂದಿ. ಡಾಕ್ಟರು ಕತ್ತರಿಸಿ ಲ್ಯಾಬಿಗೆ ಕಳಿಸಿದರೆ ತಾನೆ ಒಳಗಿದ್ದದ್ದು ಏನು ಅಂತ ಗೊತ್ತಾಗುವುದು? ‘ಕಬ್ಬಿಣ ತಾಕಿಸಿದರೆ ಹರಡುತ್ತೆ’ ಅಂತ ಅರಳಿಕಟ್ಟೆಯಲ್ಲಿ ಹೇಳುತ್ತಾರಲ್ಲ, ಸುಳ್ಳು. ತಡ ಮಾಡಿದರೆ ಹರಡುತ್ತದೆ. ಚರ್ಮದಲ್ಲೇ ಇರುವಾಗ ಕತ್ತರಿಸಿದರೆ ಬಹಳ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಯಜಮಾನರ ಮೈಮೇಲೆ ನಿಮ್ಮ ಬಳಗ?

ಮಚ್ಚೆ: (ದನಿ ತಗ್ಗಿಸಿ) ಬಲಗಾಲಿನ ಹಿಮ್ಮಡಿಯಲ್ಲಿ ಒಬ್ಬ ಇದ್ದಾನೆ. ನಮ್ಮವನಲ್ಲ ಅಂತ ನನ್ನ ಅನುಮಾನ. ಹೋದ ಯುಗಾದಿಗೆ ಎಳ್ಳಿನಷ್ಟಿದ್ದ, ಈಗ ಅವರೆಕಾಳಿನಷ್ಟಾಗಿದ್ದಾನೆ. ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುವಾಗ ನನಗೆ ಕಾಣುತ್ತದೆ. ಯಜಮಾನರು ‘ಚಪ್ಪಲಿ ಕಚ್ಚಿದ್ದು’ ಅಂತಾರೆ. ಕ್ಷೌರದಂಗಡಿಯ ಕನ್ನಡಿಯಲ್ಲಿ ನನ್ನನ್ನು ಇಷ್ಟು ಹೊತ್ತು ನೋಡುತ್ತಾರಲ್ಲ, ಅದರಲ್ಲಿ ಕಾಲು ಭಾಗ ಹಿಮ್ಮಡಿಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಚಿಕ್ಕಬಳ್ಳಾಪುರದ ಚರ್ಮದ ಡಾಕ್ಟರನ್ನು ಕಂಡು, ಬೇಕಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೂ ಹೋಗಿ ಬಂದಿರಬಹುದಿತ್ತು.

ಗೊರಕೆ ನಿಂತಿತು. ಯಜಮಾನರು ಕಣ್ಣು ಬಿಟ್ಟರು. ಕಾಲು ಎತ್ತಿ ತೋರಿಸಿ ಸಾರ್ ಅಂದೆ.

“ನೀವು ಪೇಪರಿನವರೋ ಆಸ್ಪತ್ರೆಯವರೋ?”

ಒಳಗಿಂದ ಸೊಸೆ ಕೂಗಿದರು: “ಯಾರಾದರೂ ಆಗಲಿ ಮಾವ, ತೋರಿಸಿ. ನಾನು ಹೇಳಿ ಹೇಳಿ ಸಾಕಾಗಿದೆ. ನಾಳೆ ಬೆಳಿಗ್ಗೆ ಬಸ್ಸಿಗೆ ನಾನೇ ಜೊತೆಗೆ ಬರ್ತೀನಿ.”